ಮಳೆ ಡೈರಿಯಲ್ಲಿ ಮ್ಯಾಚ್: ಕೊಡಗಿನಲ್ಲಿದ್ದುಕೊಂಡು ಒಂದು ಪೂರ್ತಿ ಸೀಸನ್ ನೋಡುವುದು ಹೇಗೆ

ಕೊಡಗಿನ ತೋಟದ ಮನೆಗಳಲ್ಲಿ ಮಳೆ ಡೈರಿ ಅಂತ ಒಂದು ಇರುತ್ತದೆ. ಬೆಳಿಗ್ಗೆ ಅಂಗಳದಲ್ಲಿಟ್ಟ ಮಳೆ ಮಾಪಕದ ನೀರು ಅಳೆದು, ಇಷ್ಟು ಇಂಚು, ಇಷ್ಟು ಸೆಂಟು ಅಂತ ಬರೆಯುವ ಪುಸ್ತಕ. ನೂರು ಸೆಂಟಿಗೆ ಒಂದು ಇಂಚು. ನಮ್ಮ ಮನೆ ಡೈರಿಯಲ್ಲಿ ಮಳೆಯ ಪಕ್ಕದಲ್ಲೇ ಮ್ಯಾಚಿನ ಸ್ಕೋರೂ ಇರುತ್ತದೆ. ನಾನು ಮೊದಲು ಬರೆಯುತ್ತಿದ್ದೆ, ಈಗ ಮಗ ಬರೆಯುತ್ತಾನೆ.

ಎರಡನ್ನೂ ಒಂದೇ ಪುಟದಲ್ಲಿ ಬರೆಯುವುದಕ್ಕೆ ಕಾರಣ ಇದೆ. ಐಪಿಎಲ್ ಶುರುವಾಗುವುದು ಮಾರ್ಚ್ ಕೊನೆಗೆ. ಕೊಡವ ಮನೆತನಗಳು ಒಂದೊಂದು ಟೀಮ್ ಕಟ್ಟಿ ಆಡುವ ಕೌಟುಂಬಿಕ ಹಾಕಿ ಶುರುವಾಗುವುದೂ ಹೆಚ್ಚುಕಮ್ಮಿ ಆಗಲೇ. ಕಾಫಿಗೆ ಹೂ ಅರಳಿಸುವ ಹೂ ಮಳೆ, ಅದಾಗಿ ಎರಡು ಮೂರು ವಾರಕ್ಕೆ ಕಾಯಿ ಕಚ್ಚಿಸುವ ಬ್ಯಾಕಿಂಗ್ ಮಳೆ ಬೇಕಾಗುವುದೂ ಅದೇ ದಿನಗಳಲ್ಲಿ. ಮಳೆ ಬಂದರೆ ತೋಟ ಉಳಿಯುತ್ತದೆ, ಕರೆಂಟ್ ಹೋಗುತ್ತದೆ. ಹಾಗಾಗಿ ನಮ್ಮ ಕಡೆ ಒಂದು ಟೀಮನ್ನು ಮನಸಾರೆ ಹಿಂಬಾಲಿಸಬೇಕು ಅಂದರೆ ಮಳೆಗಾಲಕ್ಕೆ ಸೌದೆ ಕೂಡಿಡುವ ಹಾಗೆ ಮುಂಚೆಯೇ ತಯಾರಿ ಮಾಡಿಕೊಳ್ಳಬೇಕು. ಸುಮಾರು ವರ್ಷಗಳಿಂದ ನಾನು ಮಾಡಿಕೊಂಡು ಬಂದದ್ದನ್ನು ಇಲ್ಲಿ ಒಂದೊಂದಾಗಿ ಬರೆಯುತ್ತಿದ್ದೇನೆ.

ಹೆಜ್ಜೆ 1: ಟೀಮ್ ಎರಡೇ ಸಾಕು

ಎಲ್ಲವನ್ನೂ ನೋಡುತ್ತೇನೆ ಅಂದರೆ ಯಾವುದೂ ಮನಸ್ಸಿಗೆ ಹತ್ತುವುದಿಲ್ಲ. ಟಿವಿಯಲ್ಲಿ ನೋಡುವುದಕ್ಕೆ ಒಂದು ಟೀಮ್, ನಡೆದೋ ಬಸ್ಸಿನಲ್ಲೋ ಹೋಗಿ ಮೈದಾನದಲ್ಲಿ ನೋಡುವುದಕ್ಕೆ ಒಂದು ಟೀಮ್. ನನಗೆ ಮೊದಲನೆಯದು ಆರ್‌ಸಿಬಿ. ಎರಡನೆಯದು ನೆರೆಮನೆಯವರ ಒಕ್ಕದ, ಅಂದರೆ ಮನೆತನದ, ಹಾಕಿ ಟೀಮ್. ನಮ್ಮ ಕುಟುಂಬಕ್ಕೆ ಕೌಟುಂಬಿಕ ಹಾಕಿಯಲ್ಲಿ ಟೀಮ್ ಇಲ್ಲ. ಆದರೆ ಅವರ ಮನೆ ಹುಡುಗರು ನಮ್ಮ ಕಣದಲ್ಲಿ ಕಾಫಿ ಒಣಗುವ ಕಾಲ ಮುಗಿದ ಮೇಲೆ ಸ್ಟಿಕ್ ಹಿಡಿದು ಆಡಿದವರು. ಹಾಗಾಗಿ ಅದು ನಮ್ಮದೂ ಹೌದು. ಸುಂಟಿಕೊಪ್ಪ, ಸಿದ್ದಾಪುರದ ಕಡೆಯವರಿಗೆ ಈ ಎರಡನೇ ಟೀಮ್ ಫುಟ್‌ಬಾಲ್‌ನಲ್ಲಿ ಸಿಗುತ್ತದೆ.

ಮೈದಾನದ ಟೀಮ್ ಇರಲೇಬೇಕು ಅಂತ ಯಾಕೆ ಹೇಳುತ್ತೇನೆ ಅಂದರೆ, ಟಿವಿಯ ಟೀಮ್ ಗೆದ್ದರೂ ಸೋತರೂ ನಿಮ್ಮ ಕೈಗೆ ಸಿಗುವುದಿಲ್ಲ. ಇಲ್ಲಿ ಸೋತು ಹೊರಗೆ ಬಂದ ಹುಡುಗನಿಗೆ ನೀರಿನ ಬಾಟಲಿ ಕೊಟ್ಟು "ಚೆನ್ನಾಗಿ ಆಡಿದೆ ಮಗ" ಅನ್ನಬಹುದು.

ಹೆಜ್ಜೆ 2: ವೇಳಾಪಟ್ಟಿ ಬಂದ ದಿನವೇ ಡೈರಿಗೆ ಇಳಿಸಿ

ಪಟ್ಟಿ ಮೊಬೈಲಿನಲ್ಲಿ ಇದ್ದರೆ ಸಾಲದು. ಮನೆಯವರೆಲ್ಲ ನೋಡುವ ಕ್ಯಾಲೆಂಡರ್ ಅಥವಾ ಡೈರಿಗೆ ಬರೆಯಿರಿ. ಐಪಿಎಲ್ ಸಂಜೆ ಮ್ಯಾಚ್ 7:30ಕ್ಕೆ, ಎರಡು ಮ್ಯಾಚ್ ಇರುವ ದಿನ ಮೊದಲನೆಯದು ಮಧ್ಯಾಹ್ನ 3:30ಕ್ಕೆ. ಅದರ ಪಕ್ಕದಲ್ಲೇ ಮದುವೆ, ನಾಮಕರಣ, ಮೆಣಸು ಕುಯ್ಯುವ ದಿನ, ಕೆಲಸದವರಿಗೆ ಬಟವಾಡೆ ಮಾಡುವ ದಿನ ಎಲ್ಲ ಬರೆಯಿರಿ. ಎಲ್ಲಿ ಡಿಕ್ಕಿ ಆಗುತ್ತದೆ ಅನ್ನುವುದು ತಿಂಗಳ ಮುಂಚೆಯೇ ಕಾಣುತ್ತದೆ.

ಡಿಕ್ಕಿ ಆದ ಕಡೆ ಮಾತಾಡಿ ಸರಿ ಮಾಡಿಕೊಳ್ಳಿ. ನಾನು ಮನೆಯವಳ ಹತ್ತಿರ ಲೀಗ್ ಹಂತದಲ್ಲಿ ಬಿಡಲಾಗದ ನಾಲ್ಕು ಮ್ಯಾಚ್ ಯಾವುದು ಅಂತ ಮೊದಲೇ ಹೇಳಿರುತ್ತೇನೆ. ಉಳಿದ ದಿನ ಕರೆದಲ್ಲಿಗೆ ಹೋಗುತ್ತೇನೆ, ಮದುವೆ ಮನೆಯ ಮೂಲೆಯಲ್ಲಿ ಮೊಬೈಲ್ ನೋಡುತ್ತಾ ನಿಲ್ಲುವುದಿಲ್ಲ. ಇದೊಂದು ಮಾತು ಉಳಿಸಿಕೊಂಡರೆ ಆ ನಾಲ್ಕು ದಿನ ಯಾರೂ ನಿಮ್ಮನ್ನು ಎಬ್ಬಿಸುವುದಿಲ್ಲ.

ಹೆಜ್ಜೆ 3: ಕರೆಂಟ್, ಡಿಶ್, ನೆಟ್‌ವರ್ಕ್

ನಮ್ಮ ಕಡೆ ಅಭಿಮಾನಿಯ ಸಂಕಟದಲ್ಲಿ ಜಾಸ್ತಿ ಪಾಲು ಇಲ್ಲೇ ಇರುವುದು. ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲು ಇನ್ವರ್ಟರ್. 32 ಇಂಚಿನ ಎಲ್‌ಇಡಿ ಟಿವಿ ಸುಮಾರು 50 ವ್ಯಾಟ್ ತಿನ್ನುತ್ತದೆ. ಸೆಟ್ ಟಾಪ್ ಬಾಕ್ಸ್, ವೈಫೈ ರೂಟರ್, ಎರಡು ಎಲ್‌ಇಡಿ ಬಲ್ಬ್ ಸೇರಿಸಿದರೂ 100 ವ್ಯಾಟ್ ಒಳಗೇ. 150 ಎಎಚ್ ಬ್ಯಾಟರಿ ಒಳ್ಳೆಯ ಸ್ಥಿತಿಯಲ್ಲಿದ್ದರೆ ಮ್ಯಾಚ್ ಮುಗಿಯುವವರೆಗೆ ಧಾರಾಳ ಸಾಕು. ತೊಂದರೆ ಬರುವುದು ಬ್ಯಾಟರಿಗೆ ನೀರು ಹಾಕದೆ ಬಿಟ್ಟಾಗ. ಮಾರ್ಚ್ ಮೊದಲ ವಾರದಲ್ಲೇ ಡಿಸ್ಟಿಲ್ಡ್ ವಾಟರ್ ಮಟ್ಟ ನೋಡಿಬಿಡಿ. ಮ್ಯಾಚ್ ಇರುವ ದಿನ ಮಧ್ಯಾಹ್ನವೇ ಕರೆಂಟ್ ಹೋಗಿದ್ದರೆ ಫ್ಯಾನ್, ಫ್ರಿಜ್ ಇನ್ವರ್ಟರ್ ಲೈನಿನಲ್ಲಿ ಇಲ್ಲದ ಹಾಗೆ ನೋಡಿಕೊಳ್ಳಿ.

ಮನೆಗೆ ಇನ್ವರ್ಟರ್ ಇಲ್ಲದಿದ್ದರೆ ರೂಟರಿಗೆ ಮಾತ್ರ ಒಂದು ಸಣ್ಣ ಯುಪಿಎಸ್ ಸಿಗುತ್ತದೆ. ರೂಟರ್ ಆರದಿದ್ದರೆ ಮೊಬೈಲಿನಲ್ಲಾದರೂ ಮ್ಯಾಚ್ ನೋಡಬಹುದು.

ಇನ್ನು ಡಿಶ್. ಜೋರು ಮಳೆ ಬಂದಾಗ ಚಿತ್ರ ಚೂರು ಚೂರಾಗಿ ನಿಂತುಹೋಗುತ್ತದೆ ಅಲ್ವಾ? ಉಪಗ್ರಹದಿಂದ ಬರುವ ಸಿಗ್ನಲನ್ನು ಮಳೆ ಹನಿಗಳು ಹೀರಿಕೊಳ್ಳುವುದರಿಂದ ಹಾಗಾಗುತ್ತದೆ. ಮಳೆಯನ್ನು ನಾವು ತಡೆಯಲು ಆಗುವುದಿಲ್ಲ. ಆದರೆ ಡಿಶ್ ಮುಂದೆ ಬೆಳೆದ ಸಿಲ್ವರ್ ಓಕ್ ಕೊಂಬೆ ತೆಗೆಸಬಹುದು, ಗಾಳಿಗೆ ಅಲುಗಾಡದ ಹಾಗೆ ಬೋಲ್ಟ್ ಬಿಗಿ ಮಾಡಿಸಬಹುದು. ಸಿಗ್ನಲ್ ಮೊದಲೇ ಗಟ್ಟಿಯಾಗಿದ್ದರೆ ಸಾಧಾರಣ ಮಳೆಗೆ ಹೋಗುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ. ಏಪ್ರಿಲ್, ಮೇ ತಿಂಗಳ ಮಳೆ ಗುಡುಗು ಸಿಡಿಲು ಇಲ್ಲದೆ ಬರುವುದಿಲ್ಲ. ದೂರದಲ್ಲಿ ಗುಡುಗಿದ ಕೂಡಲೇ ಟಿವಿಯ ಪ್ಲಗ್, ಡಿಶ್ ಕೇಬಲ್, ರೂಟರಿನ ಕೇಬಲ್ ಮೂರನ್ನೂ ಕಿತ್ತಿಡಿ. ಸಿಡಿಲು ತಲೆ ಮೇಲೆ ಬಂದ ಮೇಲೆ ಕೇಬಲ್ ಮುಟ್ಟಲು ಹೋಗಬೇಡಿ. ಎರಡು ಓವರ್ ತಪ್ಪಿದರೆ ಆಮೇಲೆ ನೋಡಬಹುದು. 2019ರಲ್ಲಿ "ಈ ಓವರ್ ಒಂದು ಮುಗಿಯಲಿ" ಅಂತ ಕೂತು ಒಂದು ಟಿವಿ, ಒಂದು ಸೆಟ್ ಟಾಪ್ ಬಾಕ್ಸ್ ಕಳೆದುಕೊಂಡೆ.

ಮೊಬೈಲಿನಲ್ಲಿ ನೋಡುವವರಿಗೆ ಇನ್ನೊಂದು ಮಾತು. ನೆಟ್‌ನಲ್ಲಿ ಬರುವ ಮ್ಯಾಚ್ ಟಿವಿಗಿಂತ ಸ್ವಲ್ಪ ಹಿಂದೆ ಓಡುತ್ತಿರುತ್ತದೆ. ಆಚೆ ಮನೆಯಲ್ಲಿ ಕೂಗು ಕೇಳಿದಾಗ ನಿಮ್ಮ ಮೊಬೈಲಿನಲ್ಲಿ ಬೌಲರ್ ಇನ್ನೂ ಓಡಿ ಬರುತ್ತಿರುತ್ತಾನೆ. ಕುಟುಂಬದ ವಾಟ್ಸ್‌ಆ್ಯಪ್ ಗುಂಪನ್ನು ಮ್ಯಾಚ್ ಮುಗಿಯುವವರೆಗೆ ಮ್ಯೂಟ್ ಮಾಡಿ. ಚಿತ್ರದ ಗುಣಮಟ್ಟ ಕಡಿಮೆ ಇಟ್ಟರೆ ದುರ್ಬಲ ಸಿಗ್ನಲಿನಲ್ಲೂ ನಿಲ್ಲದೆ ಓಡುತ್ತದೆ. ಟವರಿಗೂ ಕರೆಂಟ್ ಬೇಕು, ಅದರ ಬ್ಯಾಟರಿಯೂ ಮುಗಿಯುತ್ತದೆ. ಹಾಗಾಗಿ ನಿಮ್ಮೂರಿನಲ್ಲಿ ಯಾವ ತಿರುವಿನಲ್ಲಿ, ಯಾವ ಗುಡ್ಡದ ಮೇಲೆ ಬೇರೆ ಟವರ್ ಸಿಗುತ್ತದೆ ಅನ್ನುವುದನ್ನು ಬಿಸಿಲಿರುವಾಗಲೇ ತಿಳಿದುಕೊಂಡಿರಿ.

ಆ ತಿಳುವಳಿಕೆ ನನಗೆ 2025ರ ಜೂನ್ 3ರಂದು ಕೆಲಸಕ್ಕೆ ಬಂತು. ಆ ವರ್ಷ ಟೂರ್ನಿ ಮಧ್ಯದಲ್ಲಿ ಕೆಲವು ದಿನ ನಿಂತಿದ್ದರಿಂದ ಫೈನಲ್ ಜೂನ್‌ವರೆಗೆ ಹೋಗಿತ್ತು. ಅಷ್ಟರಲ್ಲಿ ನಮಗೆ ಮಳೆಗಾಲ ಹಿಡಿದಿತ್ತು. ಮರ ಬಿದ್ದು ಎರಡು ದಿನದಿಂದ ಕರೆಂಟಿಲ್ಲ, ಇನ್ವರ್ಟರ್ ಖಾಲಿ. ಭಾವನ ಜೀಪಿನಲ್ಲಿ ಐದು ಜನ ಕೂತು ಮೇಲಿನ ತಿರುವಿಗೆ ಹೋದೆವು. ಮೊಬೈಲನ್ನು ಜೀಪಿನಿಂದಲೇ ಚಾರ್ಜ್ ಮಾಡುತ್ತಾ, ಸ್ಟೇರಿಂಗ್‌ಗೆ ಒರಗಿಸಿಟ್ಟು ನೋಡಿದೆವು. ಗಾಜಿನ ಮೇಲೆ ಉಸಿರಿನ ಹಬೆ ಕೂತು ಹೊರಗೆ ಏನೂ ಕಾಣುತ್ತಿರಲಿಲ್ಲ. ಆರ್‌ಸಿಬಿ 190 ಹೊಡೆದಿತ್ತು. ಪಂಜಾಬಿಗೆ ಕೊನೇ ಓವರಿನಲ್ಲಿ 29 ಬೇಕು. ಹೇಜಲ್‌ವುಡ್‌ನ ಮೊದಲ ಎರಡು ಬಾಲ್‌ಗೆ ರನ್ ಬರಲಿಲ್ಲ. ಭಾವ, "ಆಯ್ತು ಮಾರಾಯ, ಆಯ್ತು" ಅಂದರು. ಆಮೇಲೆ ಶಶಾಂಕ್ ಸಿಂಗ್ ಸಿಕ್ಸು, ಫೋರು, ಸಿಕ್ಸು, ಸಿಕ್ಸು ಹೊಡೆದರೂ ಪಂಜಾಬ್ ಆರು ರನ್‌ಗೆ ಸೋತಿತ್ತು. 2008ರಿಂದ ಕಾದ ಕಪ್. ವಿರಾಟ್ ಕೊಹ್ಲಿ ಮೈದಾನದಲ್ಲಿ ಅಳುತ್ತಿದ್ದರು. ಜೀಪಿನಲ್ಲಿ ಯಾರೂ ಮಾತಾಡಲಿಲ್ಲ. ನನ್ನ ಮಗ ಹಿಂದಿನ ಸೀಟಿನಿಂದ ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತ. ನಾನೂ ಅತ್ತೆ.

ಹೆಜ್ಜೆ 4: ಹಾಕಿ ಮೈದಾನಕ್ಕೆ ಹೋಗುವಾಗ

ಕೊಡವ ಕೌಟುಂಬಿಕ ಹಾಕಿ ಉತ್ಸವ ಶುರುವಾದದ್ದು 1997ರಲ್ಲಿ, ಕರಡದಲ್ಲಿ. ಪಾಂಡಂಡ ಕುಟ್ಟಪ್ಪ ಅವರ ಕನಸು ಅದು. ಮೊದಲ ವರ್ಷ 60 ಟೀಮ್. 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್‌ಗೆ 360 ಟೀಮ್, 2025ರಲ್ಲಿ ಮಡಿಕೇರಿಯ ಮುದ್ದಂಡ ಕಪ್‌ಗೆ 396. ಒಂದೊಂದು ವರ್ಷ ಒಂದೊಂದು ಒಕ್ಕ ನಡೆಸುತ್ತದೆ, ಕಪ್‌ಗೆ ಆ ಮನೆಯ ಹೆಸರು. ಅಪ್ಪ, ಮಗಳು, ಚಿಕ್ಕಪ್ಪ ಎಲ್ಲರೂ ಒಂದೇ ಟೀಮಿನಲ್ಲಿ ಆಡುವುದನ್ನು ನೋಡಬೇಕಾದರೆ ಇಲ್ಲಿಗೇ ಬರಬೇಕು.

ಒಂದು ಸಂಗತಿ ಮನಸ್ಸಿನಲ್ಲಿ ಇರಲಿ. ಇದು ನಾಕೌಟ್. ಸೋತರೆ ಆ ವರ್ಷಕ್ಕೆ ಮುಗಿಯಿತು. ಐಪಿಎಲ್‌ನ ಹಾಗೆ "ಮುಂದಿನ ಮ್ಯಾಚ್ ನೋಡೋಣ" ಅನ್ನುವ ಮಾತಿಲ್ಲ. ಹಾಗಾಗಿ ನಿಮ್ಮ ಟೀಮಿನ ಮೊದಲ ಮ್ಯಾಚನ್ನೇ ತಪ್ಪಿಸಬೇಡಿ. ಹಿಂದಿನ ದಿನ ಸಂಜೆ ಯಾವ ಮೈದಾನ, ಎಷ್ಟು ಗಂಟೆ ಅಂತ ಒಕ್ಕದವರನ್ನೇ ಕೇಳಿ. ಒಂದಕ್ಕಿಂತ ಜಾಸ್ತಿ ಮೈದಾನದಲ್ಲಿ ಆಟ ನಡೆಯುತ್ತದೆ. ಎದುರು ಟೀಮ್ ಬಾರದೆ ವಾಕ್‌ಓವರ್ ಆದರೆ ಆಟಗಳು ಬೇಗ ಬೇಗ ಮುಂದೆ ಸರಿಯುತ್ತವೆ. ಅರ್ಧ ಗಂಟೆ ಮುಂಚೆ ಅಲ್ಲಿದ್ದರೆ ಒಳ್ಳೆಯದು.

ಟೋಪಿ, ನೀರು, ಕೊಡೆ ಮೂರೂ ಇರಲಿ. ಕೊಡೆ ಬಿಸಿಲಿಗೂ ಆಯಿತು, ನಾಲ್ಕು ಗಂಟೆಯ ಮಳೆಗೂ ಆಯಿತು. ಗೋಲಿನ ಹಿಂದೆ ಕೂರಬೇಡಿ, ಮಕ್ಕಳನ್ನಂತೂ ಬಿಡಲೇಬೇಡಿ. ಹುಲ್ಲಿನ ಮೈದಾನದಲ್ಲಿ ಬಾಲ್ ಎಲ್ಲಿ ಪುಟಿಯುತ್ತದೆ ಅಂತ ಆಡುವವರಿಗೇ ಗೊತ್ತಾಗುವುದಿಲ್ಲ, ಅದು ಕಲ್ಲಿನಷ್ಟು ಗಟ್ಟಿ. ಉದ್ದ ಬದಿಯಲ್ಲಿ, 25 ಗಜದ ಗೆರೆಯ ಆಸುಪಾಸು ಕೂತರೆ ಗೋಲಿನ ಮುಂದಿನ ಆಟವೂ ಕಾಣುತ್ತದೆ, ಮಧ್ಯದ ಆಟವೂ ಕಾಣುತ್ತದೆ.

ಕ್ರಿಕೆಟ್ ಮಾತ್ರ ನೋಡಿ ಅಭ್ಯಾಸ ಇದ್ದವರು ಹಾಕಿಯಲ್ಲಿ ಬಾಲ್ ಕಾಣುವುದೇ ಇಲ್ಲ ಅನ್ನುತ್ತಾರೆ. ಅವರಿಗೆ ನಾನು ಹೇಳುವುದು, ಮೊದಲ ದಿನ ಬಾಲ್ ಹುಡುಕಬೇಡಿ, ಪೆನಾಲ್ಟಿ ಕಾರ್ನರ್ ಮಾತ್ರ ನೋಡಿ ಅಂತ. ಡಿ ಅಂದರೆ ಗೋಲಿನ ಮುಂದೆ ಎಳೆದ ಅರ್ಧ ಸುತ್ತಿನ ಗೆರೆ; ಅದರ ಒಳಗೆ ತಡೆಯುವವರಿಂದ ತಪ್ಪಾದರೆ ಇದು ಸಿಗುತ್ತದೆ. ತಡೆಯುವ ಕಡೆ ಗೋಲ್‌ಕೀಪರ್ ಸೇರಿ ಐದೇ ಜನ ಗೆರೆಯ ಹಿಂದೆ ನಿಲ್ಲುತ್ತಾರೆ, ಉಳಿದವರು ಮೈದಾನದ ಮಧ್ಯದ ಗೆರೆಯಾಚೆ ಹೋಗಬೇಕು. ಒಬ್ಬರು ಗೆರೆಯಿಂದ ಬಾಲ್ ತಳ್ಳುತ್ತಾರೆ, ಒಬ್ಬರು ಡಿ ಹೊರಗೆ ನಿಲ್ಲಿಸುತ್ತಾರೆ, ಇನ್ನೊಬ್ಬರು ಹೊಡೆಯುತ್ತಾರೆ. ನೀವು ಆ ನಿಲ್ಲಿಸುವವರ ಸ್ಟಿಕ್ ನೋಡಿ. ಅದು ನೆಲಕ್ಕೆ ಒರಗಿ ಬಾಲನ್ನು ಅಲುಗದ ಹಾಗೆ ಹಿಡಿದರೆ ಅರ್ಧ ಗೋಲ್ ಆದ ಹಾಗೆ. ಬಾಲ್ ಎಗರಿತು ಅಂದರೆ ಓಡಿ ಬರುವ ಡಿಫೆಂಡರ್ ಗೆದ್ದ. ಎಲ್ಲ ಸೇರಿ ಎರಡು ಮೂರು ಸೆಕೆಂಡಿನ ಕೆಲಸ. ಈ ಒಂದು ಸಂಗತಿ ಕಣ್ಣಿಗೆ ಹಿಡಿದರೆ ಉಳಿದ ಆಟ ತಾನಾಗಿ ತೆರೆದುಕೊಳ್ಳುತ್ತದೆ. ಡಿ ಒಳಗಿನಿಂದ ಹೊಡೆದರೆ ಮಾತ್ರ ಗೋಲ್, ಆಫ್‌ಸೈಡ್ ಅನ್ನುವುದು ಇಲ್ಲ, ಇಷ್ಟು ಸಾಕು ಮೊದಲ ದಿನಕ್ಕೆ.

ಮಕ್ಕಳನ್ನು ಕರೆದುಕೊಂಡು ಹೋದರೆ ಇಲ್ಲಿಂದ ಹೋದವರ ಹೆಸರು ಹೇಳಿ. 1975ರಲ್ಲಿ ವಿಶ್ವಕಪ್ ಗೆದ್ದ ಟೀಮಿನಲ್ಲಿ ಬಿ.ಪಿ. ಗೋವಿಂದ ಇದ್ದರು. 1980ರಲ್ಲಿ ಮಾಸ್ಕೋದಲ್ಲಿ ಚಿನ್ನ ತಂದ ಟೀಮಿನಲ್ಲಿ ಎಂ.ಎಂ. ಸೋಮಯ್ಯ ಇದ್ದರು. ಸೋಮವಾರಪೇಟೆಯ ಎಸ್.ವಿ. ಸುನಿಲ್ ಬದಿಯಲ್ಲಿ ಓಡುತ್ತಿದ್ದ ವೇಗ ನೋಡಿದವರು ಮರೆಯುವುದಿಲ್ಲ. ಮೈದಾನದ ಧೂಳಿನಲ್ಲಿ ಕೂತು ಈ ಹೆಸರು ಕೇಳಿದ ಮಗುವಿಗೆ ಒಲಿಂಪಿಕ್ಸ್ ದೂರ ಅನ್ನಿಸುವುದಿಲ್ಲ.

ಹೆಜ್ಜೆ 5: ಬೆಂಗಳೂರಿಗೆ ಹೋಗಿ ನೋಡುವುದಾದರೆ

ವರ್ಷಕ್ಕೊಮ್ಮೆ ಆದರೂ ಹೋಗಬೇಕು ಅನ್ನಿಸುವುದು ಸಹಜ. ಕೊಡಗಿಗೆ ರೈಲಿಲ್ಲ. ಮಡಿಕೇರಿಯಿಂದ ಬೆಂಗಳೂರು ಸುಮಾರು 260 ಕಿಲೋಮೀಟರ್, ಬಸ್ಸಿನಲ್ಲಿ ಆರು ಗಂಟೆ ಇಟ್ಟುಕೊಳ್ಳಿ. ಮ್ಯಾಚ್ ಮುಗಿಯುವಾಗ ರಾತ್ರಿ 11:30 ದಾಟುತ್ತದೆ. ಅದೇ ರಾತ್ರಿ ಕಾರು ಓಡಿಸಿಕೊಂಡು ವಾಪಸ್ ಹೊರಡುವುದು ಬೇಡ. ನಿದ್ದೆಗಣ್ಣು, ತಿತಿಮತಿ ಕಡೆಯಿಂದ ಬಂದರೆ ಆನೆಯ ಭಯ. ನೆಂಟರ ಮನೆಯಲ್ಲಿ ಉಳಿದು ಬೆಳಿಗ್ಗೆ ಬನ್ನಿ.

ಟಿಕೆಟನ್ನು ಅಧಿಕೃತ ಕಡೆ ಮಾತ್ರ ಕೊಳ್ಳಿ. ಗೇಟಿನ ಹತ್ತಿರ ಒಬ್ಬರಿಂದ ಎರಡು ಟಿಕೆಟ್ ಕೊಂಡು, ಎರಡೂ ನಕಲಿಯಾಗಿ, ಗೋಡೆಯಾಚೆಯಿಂದ ಬರೀ ಸದ್ದು ಕೇಳಿ ವಾಪಸ್ ಬಂದ ಸಂಜೆ ನನಗಿನ್ನೂ ನೆನಪಿದೆ. ಬ್ಯಾಗ್, ಪವರ್ ಬ್ಯಾಂಕ್, ನೀರಿನ ಬಾಟಲಿಯನ್ನು ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ, ನೆಂಟರ ಮನೆಯಲ್ಲೇ ಬಿಡಿ. ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಕಬ್ಬನ್ ಪಾರ್ಕ್ ಮೆಟ್ರೋ ನಿಲ್ದಾಣ ಹತ್ತಿರ.

ಕಪ್ ಗೆದ್ದ ಮಾರನೇ ದಿನ, 2025ರ ಜೂನ್ 4ರಂದು, ಅದೇ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಪ್ರಾಣ ಬಿಟ್ಟರು. ನಮ್ಮ ಹಾಗೆಯೇ ಖುಷಿಯಲ್ಲಿ ಹೋದವರು. ಆಮೇಲಿಂದ ನಾನು ಜನಜಂಗುಳಿಯ ಬಗ್ಗೆ ಮನೆ ಮಕ್ಕಳಿಗೆ ಕೂರಿಸಿ ಹೇಳುತ್ತೇನೆ. ಟಿಕೆಟ್ ಇಲ್ಲದೆ ಗೇಟಿನ ಹತ್ತಿರ ಹೋಗಬೇಡಿ. ಒಳಗೆ ಹೋದ ಕೂಡಲೇ ಹೊರಗೆ ಬರುವ ದಾರಿ ಎಲ್ಲಿದೆ ನೋಡಿಕೊಳ್ಳಿ. ಜನ ಒತ್ತಿ, ಕೈ ಎತ್ತುವುದಕ್ಕೂ ಜಾಗ ಇಲ್ಲದ ಹಾಗೆ ಆಗುವ ಮೊದಲೇ ವಾಪಸ್ ಸರಿಯಿರಿ. ಸಿಕ್ಕಿಕೊಂಡರೆ ಎರಡೂ ಕೈ ಎದೆಯ ಮುಂದೆ ಮಡಚಿ ಉಸಿರಿಗೆ ಜಾಗ ಮಾಡಿಕೊಳ್ಳಿ, ಎದುರು ನುಗ್ಗದೆ ಜನರ ಜತೆಗೇ ಸಾಗುತ್ತಾ ಓರೆಯಾಗಿ ಬದಿಗೆ ಬನ್ನಿ. ಬಿದ್ದ ಚಪ್ಪಲಿ, ಮೊಬೈಲ್ ತೆಗೆಯಲು ಬಗ್ಗಬೇಡಿ.

ಹೆಜ್ಜೆ 6: ಕಕ್ಕಡದ ತಿಂಗಳಿಗೂ ಸ್ವಲ್ಪ ಉಳಿಸಿಕೊಳ್ಳಿ

ಮೇ ಮುಗಿದರೆ ಸೀಸನ್ ಮುಗಿಯಿತು ಅಂತ ಅಲ್ಲ. ಭಾರತದ ಹಾಕಿ ಟೀಮ್ ಈಚಿನ ಎರಡು ಒಲಿಂಪಿಕ್ ಕಂಚನ್ನೂ ಗೆದ್ದದ್ದು ನಮ್ಮ ಕಕ್ಕಡದ, ಅಂದರೆ ಜುಲೈ–ಆಗಸ್ಟ್ ತಿಂಗಳ, ಜಡಿ ಮಳೆಯಲ್ಲಿ. 2021ರ ಆಗಸ್ಟ್ 5ರಂದು ಬೆಳಿಗ್ಗೆ 7 ಗಂಟೆಗೆ ಜರ್ಮನಿಯ ಎದುರು ಆಟ. 1–3 ಹಿಂದೆ ಬಿದ್ದು, 5–4ರಲ್ಲಿ ಗೆದ್ದದ್ದು. ಕೊನೇ ಕ್ಷಣದ ಪೆನಾಲ್ಟಿ ಕಾರ್ನರನ್ನು ಗೋಲ್‌ಕೀಪರ್ ಶ್ರೀಜೇಶ್ ತಡೆದಾಗ ನಮ್ಮ ಮನೆ ಒಲೆ ಮೇಲಿನ ಹಾಲು ಉಕ್ಕಿ ಹೋಗಿತ್ತು, ಯಾರಿಗೂ ಗೊತ್ತೇ ಆಗಲಿಲ್ಲ. 2024ರ ಆಗಸ್ಟ್ 8ರಂದು ಸ್ಪೇನ್ ಎದುರು 2–1. ಇಂಥ ದಿನಕ್ಕೆ ಅಂತ ಒಂದು ಪವರ್ ಬ್ಯಾಂಕನ್ನು ಯಾವಾಗಲೂ ತುಂಬಿಸಿ ಇಟ್ಟಿರಿ.

ಬೆಟ್ಟಿಂಗ್ ವಿಷಯ ಬಂದರೆ ಒಂದೇ ಮಾತು, ಬೇಡ. ದುಡ್ಡು ಹಾಕಿದ ಮೇಲೆ ನೀವು ಟೀಮನ್ನು ನೋಡುವುದಿಲ್ಲ, ದುಡ್ಡನ್ನು ನೋಡುತ್ತೀರಿ.

ಹೆಜ್ಜೆ 7: ಸೋತ ರಾತ್ರಿ

ಸೋಲು ಬರುತ್ತದೆ. ಆರ್‌ಸಿಬಿಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. 2009ರ ಫೈನಲ್ ಆರು ರನ್‌ಗೆ, 2016ರದ್ದು ಎಂಟು ರನ್‌ಗೆ ಸೋತೆವು. 2016ರಲ್ಲಿ 209 ಬೆನ್ನಟ್ಟುವಾಗ ಗೇಲ್, ಕೊಹ್ಲಿ ಮೊದಲ ವಿಕೆಟ್‌ಗೇ 114 ಸೇರಿಸಿದ್ದರು. ಗೆದ್ದೇ ಗೆದ್ದೆವು ಅಂದುಕೊಂಡಿದ್ದೆವು.

ಅಂಥ ರಾತ್ರಿ ಮೊಬೈಲ್ ಆರಿಸಿ. ಆಟಗಾರರನ್ನು ಬೈದು ಬರೆಯುವುದನ್ನು ಓದಬೇಡಿ, ನೀವೂ ಬರೆಯಬೇಡಿ, ಅವರ ಮನೆಯವರ ಸುದ್ದಿಯಂತೂ ಎತ್ತಲೇಬೇಡಿ. ಮನೆಯಲ್ಲಿ ಮಗು ಅಳುತ್ತಿದ್ದರೆ "ಅದು ಬರೀ ಆಟ, ಸುಮ್ನೆ ಮಲಗು" ಅನ್ನಬೇಡಿ. ಅವನಿಗೆ ಅದು ಬರೀ ಆಟ ಅಲ್ಲ. ಪಕ್ಕದಲ್ಲಿ ಕೂತುಕೊಳ್ಳಿ. 2016ರ ಆ ರಾತ್ರಿ ನನ್ನ ಮಗನಿಗೆ ಎಂಟು ವರ್ಷ. ಊಟ ಬೇಡ ಅಂದ. ಬೆಳಿಗ್ಗೆ ಪಕ್ಕದ ಮನೆ ಅಜ್ಜ ಬೇಲಿಯ ಹತ್ತಿರ ಬಂದು, "ಬಾ ಮಗ, ಮಳೆ ಎಷ್ಟು ಬಂದಿದೆ ನೋಡುವ" ಅಂದರು. ಇಬ್ಬರೂ ಮಾಪಕದ ನೀರನ್ನು ಅಳತೆ ಗಾಜಿಗೆ ಹೊಯ್ದು, ಕಣ್ಣಿನ ಮಟ್ಟಕ್ಕೆ ಹಿಡಿದು ಓದಿದರು. ಬರೆಯುವುದಕ್ಕೆ ಅಂತ ಡೈರಿ ತೆಗೆದಾಗ ಅಜ್ಜ ಪಕ್ಕದ ಖಾಲಿ ಜಾಗ ತೋರಿಸಿ, "ನಿನ್ನೆಯ ಮ್ಯಾಚನ್ನೂ ಬರಿ. ಸೋತದ್ದನ್ನು ಬರೆಯದಿದ್ದರೆ ಲೆಕ್ಕ ತಪ್ಪುತ್ತದೆ" ಅಂದರು. ಆ ಕೆಲಸ ಅವನ ಕೈಗೆ ಬಂದದ್ದು ಅವತ್ತು. "8 ರನ್" ಅಂತ ಬರೆದದ್ದು ಅಂಕುಡೊಂಕಾಗಿದೆ.

ಅಜ್ಜ ಈಗಿಲ್ಲ. 2025ರ ಜೂನ್ 4ರ ಬೆಳಿಗ್ಗೆ ಮಗ ಮಳೆ ಅಳೆದು ಬಂದು, ಡೈರಿಯಲ್ಲಿ ಇಂಚು ಸೆಂಟು ಬರೆದು, ಪಕ್ಕದಲ್ಲಿ "ಆರ್‌ಸಿಬಿ 6 ರನ್, ಕಪ್" ಅಂತ ಬರೆದ. ಆಮೇಲೆ ಆ ಪುಟವನ್ನು ಬೇಲಿಯಾಚೆಗೆ ತೆಗೆದುಕೊಂಡು ಹೋಗಿ ಅಜ್ಜಿಗೆ ತೋರಿಸಿ ಬಂದ.